ಒಂಟೆಗಳು ಸವೆಸಿದ ದಾರಿಯಲ್ಲಿ ಒಂದು ಹಗಲು, ಒಂದು ಇರುಳು

"ಒಬ್ಬೊಬ್ಬರಿಗೆ ದಿನಕ್ಕೆ ಹತ್ತು ಲೀಟರ್. ನಾವು ಆರು ಮಂದಿ. ಎರಡು ದಿನಕ್ಕೆ ನೂರ ಇಪ್ಪತ್ತು."

ಅಡಿಲೇಡ್‌ನ ತನ್ನ ಮನೆಯಂಗಳದಲ್ಲಿ ನಿಂತು ತಮ್ಮ ನೀರಿನ ಕ್ಯಾನುಗಳನ್ನು ಎಣಿಸುತ್ತಿದ್ದಾಗ ನಮಗೆ ನಗು ತಡೆಯಲಾಗಲಿಲ್ಲ. ನಾವು ಕರಾವಳಿಯವರು. ಜುಲೈ ತಿಂಗಳೆಂದರೆ ಮಾಡಿನಿಂದ ನೀರು ಧಾರೆಯಾಗಿ ಸುರಿಯುವ, ಒಗೆದ ಬಟ್ಟೆ ವಾರಗಟ್ಟಲೆ ಒಣಗದ ತಿಂಗಳು. ಅಂಥ ಜುಲೈಯಲ್ಲಿ ಯಾರಾದರೂ ಡಿಕ್ಕಿಯ ಅರ್ಧಭಾಗವನ್ನು ಬರೀ ನೀರಿಗೆ ಕೊಡುವುದನ್ನು ನಾನು ಎಂದೂ ಕಂಡಿರಲಿಲ್ಲ. "ಸಾಮಾನು ಇಡುವುದಕ್ಕೆ ಜಾಗ ಬೇಡವೇನಪ್ಪಾ?" ಎಂದು ನನ್ನವರು ಕೇಳಿದರು. "ಸಾಮಾನು ಮಡಿಲಲ್ಲಿ ಇಟ್ಟುಕೊಳ್ಳಿ ಭಾವ" ಎಂದ ತಮ್ಮ. ಅವನು ನಗಲಿಲ್ಲ.

ಇದು 2023ರ ಜುಲೈ. ತಮ್ಮ ದಕ್ಷಿಣ ಆಸ್ಟ್ರೇಲಿಯ ರಾಜ್ಯದ ರಾಜಧಾನಿ ಅಡಿಲೇಡ್‌ನಲ್ಲಿ ನೆಲೆಸಿ ಕೆಲವು ವರ್ಷಗಳಾಗಿದ್ದವು. ಉಮ್ಮನಿಗೆ ಮಗನ ಮನೆ ನೋಡುವ ಆಸೆ, ನಮಗೆ ಉಮ್ಮನನ್ನು ಒಬ್ಬರನ್ನೇ ಕಳಿಸಲು ಅಂಜಿಕೆ. ಹಾಗೆ ಮೂವರೂ ಹೊರಟು ಬಂದಿದ್ದೆವು. ನಗರದಲ್ಲಿ ನೋಡುವಂಥದ್ದೆಲ್ಲ ನೋಡಿ ಮುಗಿದ ಮೇಲೆ ತಮ್ಮನ ಹನ್ನೊಂದು ವರ್ಷದ ಮಗ ಹಠ ಹಿಡಿದ. "ಔಟ್‌ಬ್ಯಾಕ್ ನೋಡದೆ ಹೋದರೆ ನೀವು ಆಸ್ಟ್ರೇಲಿಯ ನೋಡಿದಂತೆಯೇ ಅಲ್ಲ ಅತ್ತೆ!"

ಔಟ್‌ಬ್ಯಾಕ್ ಎಂದರೆ ಇಲ್ಲಿನವರ ಬಾಯಲ್ಲಿ ಒಳನಾಡಿನ ಬಟಾಬಯಲು. ಈ ದೇಶದ ಜನರಲ್ಲಿ ಬಹುಪಾಲು ಸಮುದ್ರದ ಅಂಚಿಗೆ ಅಂಟಿಕೊಂಡು ಬದುಕುತ್ತಾರೆ. ಒಳಗೆ ಹೋದಂತೆ ಊರು ತೆಳ್ಳಗಾಗಿ, ಮರ ತೆಳ್ಳಗಾಗಿ, ಕೊನೆಗೆ ಕೆಂಪು ಮಣ್ಣು ಮತ್ತು ಆಕಾಶ ಎರಡೇ ಉಳಿಯುತ್ತವೆ.

ಅಡಿಲೇಡ್‌ನಿಂದ ಉತ್ತರಕ್ಕೆ ಸುಮಾರು 685 ಕಿಲೋಮೀಟರ್ ದೂರದಲ್ಲಿ ಮರ್ರೀ ಎಂಬ ಪುಟ್ಟ ಊರಿದೆ. ಅಲ್ಲಿಂದ ಊಡ್ನಡಾಟಾ ಟ್ರ್ಯಾಕ್ ಎಂಬ ಮಣ್ಣಿನ ರಸ್ತೆ ಹೊರಟು 620 ಕಿಲೋಮೀಟರ್ ಆಚೆ ಮಾರ್ಲಾದಲ್ಲಿ ಹೆದ್ದಾರಿ ಸೇರುತ್ತದೆ. ಅಷ್ಟೂ ಹೋಗುವ ಧೈರ್ಯ ನಮಗಿರಲಿಲ್ಲ. ಮೊದಲ 130 ಕಿಲೋಮೀಟರ್ ಹೋಗಿ, ಕವರ್ಡ್ ಸ್ಪ್ರಿಂಗ್ಸ್ ಎಂಬಲ್ಲಿ ಡೇರೆ ಹಾಕಿ ಒಂದು ರಾತ್ರಿ ಕಳೆದು ಹಿಂದಿರುಗುವುದೆಂದು ತೀರ್ಮಾನವಾಯಿತು. ನಾಲ್ಕೂ ಚಕ್ರ ಎಳೆಯುವ ದೊಡ್ಡ ಗಾಡಿಯೊಂದನ್ನು ಬಾಡಿಗೆಗೆ ಪಡೆದೆವು. ಹೊರಡುವ ಮೊದಲು ತಮ್ಮ ಮಾಡಿದ ಇನ್ನೊಂದು ಕೆಲಸವೆಂದರೆ ರಸ್ತೆ ತೆರೆದಿದೆಯೇ ಎಂದು ವಿಚಾರಿಸಿದ್ದು. ಮಳೆ ಬಿದ್ದರೆ ಈ ರಸ್ತೆಗಳನ್ನು ಮುಚ್ಚುತ್ತಾರೆ. ಮುಚ್ಚಿದ ರಸ್ತೆಗಿಳಿದರೆ ದಂಡ. ವರ್ಷಕ್ಕೆ 160 ಮಿಲಿಮೀಟರ್ ಆಸುಪಾಸು ಮಳೆಯಾಗುವ ಜಾಗದಲ್ಲಿ ಮಳೆಗೆ ಹೆದರುವುದೇ ಎಂದು ನಾನು ಅಂದುಕೊಂಡೆ. ಆದರೆ ಆ ಮಣ್ಣು ಸ್ವಲ್ಪ ನೆನೆದರೂ ಚಕ್ರಕ್ಕೆ ಅಂಟಿನಂತೆ ಹಿಡಿದುಕೊಳ್ಳುತ್ತದಂತೆ.

ಮೊದಲ ದಿನವಿಡೀ ಪ್ರಯಾಣದಲ್ಲೇ ಕಳೆದು ರಾತ್ರಿ ಮರ್ರೀಯಲ್ಲಿ ತಂಗಿದೆವು. ನಾನು ಹೇಳಹೊರಟಿರುವುದು ಮರುದಿನದ ಕಥೆ.

ಹುಲ್ಲಿನ ಚಾವಣಿಯ ಮಸೀದಿ

ಚಳಿಗಾಲದ ಸೂರ್ಯ ಅಲ್ಲಿ ಏಳೂಕಾಲರ ಹೊತ್ತಿಗೆ ಹುಟ್ಟುತ್ತಾನೆ. ಫಜ್ರ್ ಮುಗಿಸಿ, ಸುಲೈಮಾನಿ ಕುಡಿದು ಹೊರಬಂದರೆ ಮೈ ನಡುಗಿಸುವ ಚಳಿ. ಊರೆಂದರೆ ಒಂದು ಹಳೆಯ ಹೋಟೆಲು, ಒಂದೆರಡು ಅಂಗಡಿ, ಚದುರಿದ ಕೆಲವು ಮನೆಗಳು, ರೈಲು ಬಾರದ ಒಂದು ರೈಲು ನಿಲ್ದಾಣ. ಆ ನಿಲ್ದಾಣದ ಬಳಿ ಮರದ ಕಂಬ, ಮಣ್ಣು, ಹುಲ್ಲಿನ ಚಾವಣಿಯ ಒಂದು ಗುಡಿಸಲಿದೆ. ಮುಂದೆ ಸಣ್ಣದೊಂದು ಕೊಳ.

"ಇದು ಮಸೀದಿ" ಎಂದ ತಮ್ಮ.

ಉಮ್ಮ ನಂಬಲಿಲ್ಲ. ನಂಬುವುದು ಕಷ್ಟವೇ. ಮೂಲ ಕಟ್ಟಡ ಎಂದೋ ಅಳಿದುಹೋಗಿದೆ. ಈಗಿರುವುದು ನೆನಪಿಗಾಗಿ ಮತ್ತೆ ಕಟ್ಟಿದ ಮಾದರಿ. ಆದರೆ ಮೂಲದ್ದೂ ಇಷ್ಟೇ ಇತ್ತು. ವುಝೂ ಮಾಡಲು ಒಂದು ಕೊಳ, ತಲೆಯ ಮೇಲೊಂದು ನೆರಳು. ಆಸ್ಟ್ರೇಲಿಯದ ಮೊದಲ ಮಸೀದಿ ಇದೇ ಎಂದು ಅನೇಕರು ಹೇಳುತ್ತಾರೆ. ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದ್ದೆಂಬುದು ಖಚಿತ, ಇಂಥದ್ದೇ ವರ್ಷ ಎನ್ನುವುದರಲ್ಲಿ ಮಾತ್ರ ಒಮ್ಮತವಿಲ್ಲ. ಅಡಿಲೇಡ್ ನಗರದೊಳಗೆ 1888-89ರಲ್ಲಿ ಕಲ್ಲಿನಿಂದ ಕಟ್ಟಿದ ಮಸೀದಿ ಇಂದಿಗೂ ನಿಂತಿದೆ, ನಮಾಝ್ ನಡೆಯುತ್ತಿದೆ. ಅದನ್ನು ನಾವು ಹಿಂದಿನ ವಾರವಷ್ಟೇ ನೋಡಿದ್ದೆವು.

ಇಷ್ಟು ದೂರದ ಬರಡು ನೆಲದಲ್ಲಿ ಮಸೀದಿ ಕಟ್ಟಿದವರು ಯಾರು? ಒಂಟೆ ಹೊಡೆಯುವವರು.

ಬ್ರಿಟಿಷರು ಈ ಖಂಡದ ಒಳನಾಡನ್ನು ಕುದುರೆ, ಎತ್ತುಗಳನ್ನು ನಂಬಿ ದಾಟಲು ಹೋಗಿ ಮತ್ತೆ ಮತ್ತೆ ಸೋತರು. 1860ರಲ್ಲಿ ಬರ್ಕ್ ಮತ್ತು ವಿಲ್ಸ್ ಎಂಬವರ ಅನ್ವೇಷಣಾ ತಂಡಕ್ಕಾಗಿ ಭಾರತದಿಂದ ಎರಡು ಡಜನ್ ಒಂಟೆಗಳನ್ನು ಕರಾಚಿ ಬಂದರಿನ ಮೂಲಕ ಮೆಲ್ಬರ್ನ್‌ಗೆ ತರಿಸಲಾಯಿತು. ಜೊತೆಗೆ ಅವುಗಳನ್ನು ನೋಡಿಕೊಳ್ಳುವವರೂ ಬಂದರು. 1865ರ ಕೊನೆಯ ದಿನ ಥಾಮಸ್ ಎಲ್ಡರ್ ಎಂಬ ಉದ್ಯಮಿ ತರಿಸಿದ ನೂರಕ್ಕೂ ಮಿಕ್ಕಿದ ಒಂಟೆಗಳು 31 ಮಂದಿ ಸವಾರರೊಂದಿಗೆ ಪೋರ್ಟ್ ಅಗಸ್ಟಾದಲ್ಲಿ ಇಳಿದವು. ಅಲ್ಲಿಂದ 1920ರ ದಶಕದ ತನಕ ಸುಮಾರು ಎರಡು ಸಾವಿರ ಮಂದಿ ಬಂದರು. ಅಫ್ಘಾನಿಸ್ತಾನ, ಬಲೂಚಿಸ್ತಾನ, ಸಿಂಧ್, ಪೇಶಾವರ, ಪಂಜಾಬ್, ರಾಜಸ್ತಾನ ಹೀಗೆ ಎಲ್ಲೆಲ್ಲಿಂದಲೋ ಬಂದವರು. ಬಿಳಿಯರ ಕಣ್ಣಿಗೆ ಮಾತ್ರ ಎಲ್ಲರೂ 'ಅಫ್ಘಾನರು'. ನಮ್ಮ ಊರಿನಿಂದ ಉತ್ತರಕ್ಕೆ ಹೋದವರೆಲ್ಲ ಅಲ್ಲಿ 'ಮದ್ರಾಸಿ'ಗಳಾಗುವಂತೆ!

ಒಂದು ಬಲಿಷ್ಠ ಗಂಡೊಂಟೆ ಐನೂರು ಕಿಲೋ ತನಕ ಹೊರುತ್ತದೆ. ಅವುಗಳ ಸಾಲುಗಳು ಹಿಟ್ಟು, ಸಕ್ಕರೆ, ತಂತಿ, ಕಬ್ಬಿಣ ಹೊತ್ತು ಒಳನಾಡಿಗೆ ಹೋಗುತ್ತಿದ್ದವು, ಬರುವಾಗ ಉಣ್ಣೆ ಹೊತ್ತು ತರುತ್ತಿದ್ದವು. ರೈಲುಹಳಿಗಳಿಗೆ ಸಾಮಾನು ಸಾಗಿಸಿದ್ದೂ ಅವೇ. 1884ರಲ್ಲಿ ಮರ್ರೀಗೆ, 1891ರಲ್ಲಿ ಊಡ್ನಡಾಟಾಕ್ಕೆ, 1929ರಲ್ಲಿ ಆಲಿಸ್ ಸ್ಪ್ರಿಂಗ್ಸ್‌ಗೆ ರೈಲು ಮುಟ್ಟಿತು. ಆ ರೈಲಿಗೆ ಬಿದ್ದ ಹೆಸರು 'ಘಾನ್', ಅಫ್ಘಾನ್ ಎಂಬುದರ ಮೊಟಕು ರೂಪ. 1980ರಲ್ಲಿ ಹಳೆಯ ಹಳಿ ಮುಚ್ಚಿ ಪಶ್ಚಿಮಕ್ಕೆ ಹೊಸ ಹಳಿ ಹಾಕಿದರು. ರೈಲು ಇಂದಿಗೂ ಅದೇ ಹೆಸರಿನಲ್ಲಿ, ಒಂಟೆ ಸವಾರನ ಚಿತ್ರ ಹೊತ್ತು ಓಡುತ್ತಿದೆ.

ಹೆಸರು ಕೊಟ್ಟರು, ಹಕ್ಕು ಕೊಡಲಿಲ್ಲ. ಇದೇ ಮರ್ರೀಯಲ್ಲಿ ರೈಲುಹಳಿಯ ಒಂದು ಬದಿ ಬಿಳಿಯರದು, ಇನ್ನೊಂದು ಬದಿ ಒಂಟೆಯವರದು ಮತ್ತು ಮೂಲನಿವಾಸಿಗಳದು. 1901ರ ವಲಸೆ ನಿರ್ಬಂಧ ಕಾನೂನು ಬಂದ ಮೇಲೆ ಊರಿಗೆ ಹೋಗಿಬರುವುದೇ ದುಸ್ತರವಾಯಿತು. 1903ರ ಕಾನೂನು ಏಷ್ಯಾದವರಿಗೆ ಪೌರತ್ವದ ಬಾಗಿಲು ಮುಚ್ಚಿತು. ಹೆಂಡತಿ ಮಕ್ಕಳನ್ನು ಬಿಟ್ಟುಬಂದ ಎಷ್ಟೋ ಮಂದಿ ಹಾಗೆಯೇ ಉಳಿದುಹೋದರು. ಕೆಲವರು ಮೂಲನಿವಾಸಿ ಹೆಣ್ಣುಮಕ್ಕಳನ್ನು, ಕೆಲವರು ಬಿಳಿಯ ಹೆಣ್ಣುಮಕ್ಕಳನ್ನು ಮದುವೆಯಾಗಿ ಇಲ್ಲಿಯೇ ಸಂಸಾರ ಹೂಡಿದರು.

ಮರ್ರೀಯಲ್ಲಿ ಬದುಕಿದ ಬೆಜಾ ದರ್ವೇಶ್ ಎಂಬ ಬಲೂಚಿಯ ಹೆಸರು ಇಲ್ಲಿ ಎಲ್ಲರಿಗೂ ಗೊತ್ತು. 1896ರಲ್ಲಿ ಪಶ್ಚಿಮದ ಮರಳುಗಾಡು ದಾಟಿದ ತಂಡದಲ್ಲಿ ಒಂಟೆಗಳ ಹೊಣೆ ಅವರದಾಗಿತ್ತು. ಆ ಯಾತ್ರೆಯಲ್ಲಿ ಇಬ್ಬರು ನೀರಿಲ್ಲದೆ ಸತ್ತರು. ಬದುಕಿ ಬಂದ ಮೇಲೆ ತಂಡದ ನಾಯಕ ಲಾರೆನ್ಸ್ ವೆಲ್ಸ್ ತನ್ನ ದಿಕ್ಸೂಚಿಯನ್ನೇ ಬೆಜಾ ಅವರಿಗೆ ಉಡುಗೊರೆಯಾಗಿ ಕೊಟ್ಟರಂತೆ. ದಾರಿ ತಪ್ಪಿದರೆ ಪ್ರಾಣ ಹೋಗುವ ಸೀಮೆಯಲ್ಲಿ ಅದಕ್ಕಿಂತ ದೊಡ್ಡ ಗೌರವ ಇನ್ನೇನಿದ್ದೀತು? 1957ರಲ್ಲಿ, ತುಂಬು ವಯಸ್ಸಿನಲ್ಲಿ ಅವರು ತೀರಿಕೊಂಡರು.

ಲಾರಿಗಳು ಬಂದ ಮೇಲೆ ಒಂಟೆಗೆ ಕೆಲಸವಿಲ್ಲದಾಯಿತು. ಕೊಲ್ಲಲು ಮನಸ್ಸಾಗದೆ ಅನೇಕರು ಅವುಗಳನ್ನು ಕಾಡಿಗೆ ಬಿಟ್ಟರು. ಅವು ಬೆಳೆದು ಲಕ್ಷಗಟ್ಟಲೆಯಾದವು. 2009ರಿಂದ 2013ರ ನಡುವೆ ಸುಮಾರು 1,60,000 ಒಂಟೆಗಳನ್ನು ಸರಕಾರವೇ ಕಡಿಮೆ ಮಾಡಿಸಿತು, ಹೆಚ್ಚಿನವನ್ನು ಹೆಲಿಕಾಪ್ಟರಿನಿಂದ ಗುಂಡಿಟ್ಟು. ನೀರಿನ ಗುಂಡಿಗಳನ್ನು ಹಾಳುಮಾಡುತ್ತವೆ ಎಂಬುದು ಕಾರಣ, ಅದು ಸುಳ್ಳೂ ಅಲ್ಲ. ಆದರೂ ಕೇಳಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು.

ನಿಂತ ಗಾಡಿ

ಟ್ಯಾಂಕ್ ತುಂಬಿಸಿಕೊಂಡು ಒಂಬತ್ತಕ್ಕೆ ಹೊರಟೆವು. ಮುಂದಿನ ಪೆಟ್ರೋಲ್ ಪಂಪು ವಿಲಿಯಂ ಕ್ರೀಕ್‌ನಲ್ಲಿ, 204 ಕಿಲೋಮೀಟರ್ ಆಚೆ. ಊರು ದಾಟುತ್ತಲೇ ಫೋನಿನ ಸಿಗ್ನಲ್ ಹೋಯಿತು. ರಸ್ತೆ ಅಗಲವಾಗಿದೆ, ಆದರೆ ಬಟ್ಟೆ ಒಗೆಯುವ ಹಲಗೆಯಂತೆ ಅಡ್ಡಡ್ಡ ಗೀರು ಗೀರು. ಹಲ್ಲು ಕಟಕಟ ಎನ್ನುತ್ತಿತ್ತು. ಮಾತನಾಡಲು ಬಾಯಿ ತೆರೆದರೆ ದನಿ ಆಡಿನ ದನಿಯಂತೆ ನಡುಗುತ್ತಿತ್ತು. ಹುಡುಗನಿಗೆ ಅದೇ ಒಂದು ಆಟ.

ನಾಯಿಬೇಲಿ ದಾಟಿದೆವು. ಕುರಿಗಳನ್ನು ಡಿಂಗೋ ಎಂಬ ಕಾಡುನಾಯಿಯಿಂದ ಕಾಯಲು ಹಾಕಿದ ಈ ತಂತಿಬೇಲಿ ಐದು ಸಾವಿರದ ಆರುನೂರು ಕಿಲೋಮೀಟರಿನಷ್ಟು ಉದ್ದವಿದೆ! ಇನ್ನೊಂದೆಡೆ ಯಾರೋ ಎರಡು ಹಳೆಯ ವಿಮಾನಗಳನ್ನು ಬಾಲದ ಮೇಲೆ ನೆಟ್ಟಗೆ ನಿಲ್ಲಿಸಿಟ್ಟಿದ್ದಾರೆ. "ಕೆಲಸವಿಲ್ಲದವರು" ಎಂದರು ಉಮ್ಮ. ತೊಂಬತ್ತು ಕಿಲೋಮೀಟರಿನ ಹೊತ್ತಿಗೆ ಬಲಗಡೆ ಕಣ್ಣು ಕೋರೈಸುವ ಬಿಳುಪು ಕಾಣಿಸಿತು. ಐರ್ ಸರೋವರದ ದಕ್ಷಿಣ ಭಾಗ. 2012ರಿಂದ ಅದಕ್ಕೆ ಮೂಲನಿವಾಸಿ ಅರಬಾನ ಜನರ ಹೆಸರನ್ನೂ ಸೇರಿಸಿ 'ಕಾಟಿ ತಂಡಾ-ಲೇಕ್ ಐರ್' ಎಂದು ಕರೆಯುತ್ತಾರೆ. ಸಮುದ್ರಮಟ್ಟಕ್ಕಿಂತ ಸುಮಾರು 15 ಮೀಟರ್ ಕೆಳಗಿರುವ ಇದು ದೇಶದ ಅತ್ಯಂತ ತಗ್ಗಿನ ಜಾಗ. ನಾವು ಕಂಡದ್ದು ಬರೀ ಉಪ್ಪು. 2025ರಲ್ಲಿ ಕ್ವೀನ್ಸ್‌ಲ್ಯಾಂಡಿನ ನೆರೆ ನೂರಾರು ಮೈಲಿ ಹರಿದು ಬಂದು ಸರೋವರಕ್ಕೆ ನೀರು ತುಂಬಿದಾಗ ತಮ್ಮ ವಿಮಾನದಿಂದ ತೆಗೆದ ಫೋಟೋಗಳನ್ನು ಹುಡುಕಿ ಕಳುಹಿಸಿದ್ದ. ಅದೇ ಜಾಗವೆಂದು ಗುರುತಿಸಲಾಗಲಿಲ್ಲ.

ಅಲ್ಲಿಂದ ನಾಲ್ಕೈದು ಕಿಲೋಮೀಟರ್ ಹೋಗಿರಬೇಕು. ಹಿಂದಿನ ಟಯರು ಢಮ್ಮೆಂದಿತು.

ಇಳಿದು ನೋಡಿದರೆ ಚೂಪುಗಲ್ಲೊಂದು ಟಯರಿನ ಪಕ್ಕೆಯನ್ನೇ ಸೀಳಿತ್ತು. ಬದಲಿ ಚಕ್ರ ಇತ್ತು. ಜ್ಯಾಕೂ ಇತ್ತು. ಜ್ಯಾಕ್ ತಿರುಗಿಸುವ ಹಿಡಿ ಮಾತ್ರ ಇರಲಿಲ್ಲ! ಬಾಡಿಗೆಗೆ ಕೊಟ್ಟವರು ನೋಡಿರಲಿಲ್ಲ. ನಾವೂ ನೋಡಿರಲಿಲ್ಲ. ನೀರಿನ ಕ್ಯಾನು ಎಣಿಸಿದ ತಮ್ಮ ಅದೊಂದನ್ನು ಮರೆತಿದ್ದ. ಇಕ್ಕುಳ ಹಿಡಿದು ತಿರುಗಿಸಲು ಇಬ್ಬರೂ ಅರ್ಧ ಗಂಟೆ ಹೆಣಗಿದರು. ಕೈ ತರಚಿತೇ ಹೊರತು ಗಾಡಿ ಏಳಲಿಲ್ಲ.

ಎಂಜಿನ್ ನಿಲ್ಲಿಸಿದ ಮೇಲೆ ಆವರಿಸಿದ ಮೌನವನ್ನು ಹೇಗೆ ಹೇಳಲಿ? ಹಕ್ಕಿಯಿಲ್ಲ, ಎಲೆಯ ಸದ್ದಿಲ್ಲ. ನನ್ನ ಉಸಿರೇ ನನಗೆ ಕೇಳಿಸುತ್ತಿತ್ತು. ನಾಲ್ಕೂ ದಿಕ್ಕಿಗೆ ನೆಲ ಒಂದೇ ರೀತಿ.

ನನ್ನವರು ಟೋಪಿ ಹಾಕಿಕೊಂಡರು. "ಮುಂದೆ ಎಂಟು ಹತ್ತು ಕಿಲೋಮೀಟರಿನಲ್ಲಿ ಹಳೆಯ ರೈಲು ನಿಲ್ದಾಣ ಇದೆ ಅಂದೆಯಲ್ಲ? ಅಲ್ಲಿ ಯಾರಾದರೂ ಪ್ರವಾಸಿಗರು ಇದ್ದೇ ಇರುತ್ತಾರೆ. ಎರಡು ಗಂಟೆಯಲ್ಲಿ ನಡೆದುಬಿಡುತ್ತೇನೆ."

"ಬೇಡ ಭಾವ."

"ಏನಾಗುತ್ತದೆ? ಬಿಸಿಲೂ ಇಲ್ಲ. ನೇರ ರಸ್ತೆ."

ತಮ್ಮ ಆಗ ಹೇಳಿದ ಎರಡು ಘಟನೆಗಳನ್ನು ಇಲ್ಲಿ ಬರೆಯಲೇಬೇಕು. 1963ರ ಡಿಸೆಂಬರಿನಲ್ಲಿ, ಇದೇ ಮರ್ರೀಯಿಂದ ಹೊರಡುವ ಇನ್ನೊಂದು ರಸ್ತೆ ಬರ್ಡ್ಸ್‌ವಿಲ್ ಟ್ರ್ಯಾಕ್‌ನ ಬಳಿ ಐವರ ಕುಟುಂಬವೊಂದರ ಕಾರಿನ ಪೆಟ್ರೋಲ್ ಮುಗಿಯಿತು. ಹೊರಗಿನವರಲ್ಲ, ಮರ್ರೀಯಲ್ಲೇ ವಾಸವಿದ್ದವರು. ಎರಡು ದಿನಕ್ಕೆ ಸಾಕಾಗುವಷ್ಟೇ ನೀರಿದೆ ಎಂದು ಚೀಟಿ ಬರೆದಿಟ್ಟು, ಕಾರು ಬಿಟ್ಟು ನೀರು ಹುಡುಕುತ್ತಾ ನಡೆದರು. ಹುಡುಕಿಕೊಂಡು ಬಂದವರಿಗೆ ಕಾರು ಸಿಕ್ಕಿತು. ಆ ಐವರಲ್ಲಿ ಯಾರೂ ಬದುಕುಳಿದಿರಲಿಲ್ಲ. 1998ರ ಡಿಸೆಂಬರಿನಲ್ಲಿ ಸರೋವರದ ದಂಡೆಯಲ್ಲಿ ಆಸ್ಟ್ರಿಯ ದೇಶದ ಇಬ್ಬರು ಪ್ರವಾಸಿಗರ ಗಾಡಿ ಮರಳಿನಲ್ಲಿ ಹೂತಿತು. ನೀರು ಹೊತ್ತು ವಿಲಿಯಂ ಕ್ರೀಕ್‌ನತ್ತ ನಡೆದುಹೊರಟ ಯುವತಿ ದಾರಿಯಲ್ಲೇ ಸತ್ತಳು. ಗಾಡಿಯ ಬಳಿಗೆ ಹಿಂದಿರುಗಿದ ಆಕೆಯ ಸಂಗಾತಿ ಬದುಕಿದ. ವಿಮಾನದಿಂದ ಹುಡುಕುವವರಿಗೆ ಗಾಡಿ ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ.

ಅವೆರಡೂ ಕಡುಬೇಸಿಗೆಯಲ್ಲಿ ನಡೆದವು. ಊಡ್ನಡಾಟಾದಲ್ಲಿ 1960ರ ಜನವರಿ 2ರಂದು 50.7 ಡಿಗ್ರಿ ದಾಖಲಾಗಿದೆ ಎಂದರೆ ಆ ಬೇಸಿಗೆ ಎಂಥದೆಂದು ಊಹಿಸಬಹುದು. ಜುಲೈಯ ಚಳಿಯಲ್ಲಿ, ನೂರು ಲೀಟರಿಗೂ ಮಿಕ್ಕ ನೀರಿನೊಂದಿಗೆ ನಿಂತಿದ್ದ ನಮಗೆ ಅಂಥ ಅಪಾಯವಿರಲಿಲ್ಲ. ಉಪಗ್ರಹಕ್ಕೆ ಸಂಕೇತ ಕಳಿಸುವ ಸಣ್ಣ ಯಂತ್ರವೂ ತಮ್ಮನ ಬಳಿ ಇತ್ತು. ಪ್ರಾಣಕ್ಕೆ ಸಂಚಕಾರ ಬಂದರಷ್ಟೇ ಅದನ್ನು ಒತ್ತಬೇಕು, ಟಯರು ಒಡೆದದ್ದಕ್ಕಲ್ಲ. ಆದರೂ ನನ್ನವರ ಮುಖ ಗಂಟಿಕ್ಕಿಕೊಂಡಿತು. ಕಿರಿಯ ಬಾವಮೈದ ಬೇಡವೆಂದರೆ ಯಾರಿಗಾದರೂ ಹಾಗೆಯೇ.

ಉಮ್ಮ ಅಳಿಯನೊಂದಿಗೆ ನೇರವಾಗಿ ಎದುರಾಡುವವರಲ್ಲ. ಹೇಳುವುದೆಲ್ಲ ನನ್ನ ಮೂಲಕವೇ. ಗಾಡಿಯೊಳಗಿನಿಂದಲೇ ನನ್ನನ್ನು ಕರೆದರು. "ಅವರಿಗೆ ಹೇಳು, ಊಟದ ಹೊತ್ತಾಯಿತು. ಗಂಡಸರಿಲ್ಲದೆ ನಾನು ಊಟ ಬಡಿಸುವುದಿಲ್ಲ."

ಮಾತು ಅಲ್ಲಿಗೆ ಮುಗಿಯಿತು. ಗಾಡಿಯ ನೆರಳಲ್ಲಿ ಚಾಪೆ ಹಾಸಿ, ತಮ್ಮನ ಹೆಂಡತಿ ಕಟ್ಟಿತಂದ ಅಕ್ಕಿರೊಟ್ಟಿ, ಕೋಳಿ ಸುಕ್ಕ ತಿಂದೆವು. ಝುಹ್ರ್ ಮತ್ತು ಅಸ್ರ್ ಸೇರಿಸಿ ಕಸ್ರ್ ಮಾಡಿದೆವು. ಉಮ್ಮ ಒಂದೇ ಲೋಟ ನೀರಿನಲ್ಲಿ ವುಝೂ ಮುಗಿಸಿದ್ದನ್ನು ಮೊಮ್ಮಗ ಬೆರಗಿನಿಂದ ನೋಡಿದ. ಅಲ್ಲಿ ಕಿಬ್ಲಾ ಪಶ್ಚಿಮದಿಂದ ಸ್ವಲ್ಪ ಉತ್ತರಕ್ಕೆ ವಾಲಿದೆ. ಮಂಗಳೂರಿನಲ್ಲಿಯೂ ಹೆಚ್ಚುಕಡಿಮೆ ಹಾಗೆಯೇ. ಸಾವಿರಾರು ಮೈಲಿ ದೂರ ಬಂದು, ಭೂಮಧ್ಯರೇಖೆ ದಾಟಿ ನಿಂತರೂ ಮುಖ ಮಾಡುವ ದಿಕ್ಕು ಊರಿನದೇ!

ಎರಡು ಗಂಟೆಯ ಸುಮಾರಿಗೆ ದೂರದಲ್ಲಿ ಧೂಳಿನ ಬಾಲ ಎದ್ದಿತು. ಅದು ನಮ್ಮ ಬಳಿ ತಲುಪಲು ಹತ್ತು ನಿಮಿಷ ಬೇಕಾಯಿತು. ಕ್ಯಾರವಾನ್ ಎಳೆದುಕೊಂಡು ಬರುತ್ತಿದ್ದ ಮುದಿ ದಂಪತಿ. ನಿವೃತ್ತಿಯ ಬಳಿಕ ಹೀಗೆ ದೇಶ ಸುತ್ತುವವರು ಅಲ್ಲಿ ಬಹಳ. ಗಾಡಿ ನಿಲ್ಲಿಸಿದ ಆ ಹೆಂಗಸು ಏನಾಯಿತು ಎಂದು ಕೇಳಲಿಲ್ಲ. ಮೊದಲ ಪ್ರಶ್ನೆ, "ನೀರಿದೆಯಾ?"

ಆತ ತನ್ನ ಜ್ಯಾಕ್ ತಂದು, ಮಣ್ಣಿನಲ್ಲಿ ಹೂಳದಂತೆ ಅಡಿಗೆ ಒಂದು ಹಲಗೆ ಇಟ್ಟು, ಇಪ್ಪತ್ತು ನಿಮಿಷದಲ್ಲಿ ಚಕ್ರ ಬದಲಿಸಿಕೊಟ್ಟ. ಹಣವಂತೂ ಮುಟ್ಟಲಿಲ್ಲ. ಉಮ್ಮ ಕಟ್ಟಿಕೊಟ್ಟ ನಾಲ್ಕು ರೊಟ್ಟಿಗಳನ್ನು ಸಂತೋಷದಿಂದ ತೆಗೆದುಕೊಂಡರು. ಹೊರಡುವಾಗ ನನ್ನವರು ಆ ಹಲಗೆಯನ್ನೇ ನೋಡುತ್ತಿದ್ದರು. "ಇದು ನಮಗೆ ಹೊಳೆಯಲೇ ಇಲ್ಲವಲ್ಲ" ಎಂದರು ತಮ್ಮನಿಗೆ. ಅಷ್ಟರಲ್ಲಿ ಇಬ್ಬರ ನಡುವೆ ಎಲ್ಲ ಸರಿಯಾಗಿತ್ತು.

ನೆಲದಡಿಯ ನೀರು

ಕವರ್ಡ್ ಸ್ಪ್ರಿಂಗ್ಸ್‌ಗೆ ಆರು ಕಿಲೋಮೀಟರ್ ಇರುವಾಗ ಪಕ್ಕದ ದಾರಿ ಹಿಡಿದು 'ಬಬ್ಲರ್' ಎಂಬ ಬುಗ್ಗೆ ನೋಡಿದೆವು. ಒಣ ದಿಬ್ಬದ ನೆತ್ತಿಯಲ್ಲಿ ಒಂದು ಕೊಳ. ಅದರ ನಡುವೆ ಮರಳು ಕುದಿಯುವ ಗಂಜಿಯಂತೆ ಕೊತಕೊತ ಉಕ್ಕುತ್ತದೆ. ಈ ಖಂಡದ ಐದನೇ ಒಂದು ಭಾಗದಷ್ಟು ವಿಸ್ತಾರದ ನೆಲದಡಿ ಒಂದು ಮಹಾ ಜಲಾಶಯವಿದೆ. ಪೂರ್ವದ ಬೆಟ್ಟಗಳ ಮೇಲೆ ಬಿದ್ದ ಮಳೆ ಕಲ್ಲಿನೊಳಗೆ ವರ್ಷಕ್ಕೆ ಕೆಲವೇ ಮೀಟರಿನಂತೆ ಜಿನುಗುತ್ತಾ, ಲಕ್ಷಾಂತರ ವರ್ಷಗಳ ಬಳಿಕ ಇಲ್ಲಿ ಮೇಲೆ ಬರುತ್ತದೆ.

ಈ ರಸ್ತೆ ಇಲ್ಲೇ ಏಕೆ ಇದೆ ಎಂಬುದು ನನಗೆ ಆಗ ಅರ್ಥವಾಯಿತು. ಬುಗ್ಗೆಗಳು ಒಂದು ಸಾಲಾಗಿ ಇವೆ. ಅರಬಾನ ಜನ ತಲೆತಲಾಂತರದಿಂದ ಒಂದು ಬುಗ್ಗೆಯಿಂದ ಇನ್ನೊಂದಕ್ಕೆ ನಡೆದರು. ಅವರ ಹೆಜ್ಜೆಯ ಮೇಲೆ ಅನ್ವೇಷಕರು ಬಂದರು. 1872ರಲ್ಲಿ ಡಾರ್ವಿನ್ ತನಕ ತಂತಿ ಕಂಬಗಳು, ಆಮೇಲೆ ಉಗಿಬಂಡಿಯ ರೈಲು, ಅವುಗಳ ನಡುವೆ ಒಂಟೆಗಳು, ಈಗ ನಾವು. ಎಲ್ಲರೂ ನೀರಿನ ಹಿಂದೆಯೇ ಬಂದವರು. 1980ರ ದಶಕದಿಂದ ಒಲಿಂಪಿಕ್ ಡ್ಯಾಮ್ ಗಣಿಗೂ ಇದೇ ನೀರು ಹೋಗುತ್ತಿದೆ. ಬುಗ್ಗೆಗಳು ಸೊರಗುತ್ತಿವೆ ಎಂಬುದು ಅರಬಾನ ಜನರ ಅಳಲು. 2012ರಲ್ಲಿ ನ್ಯಾಯಾಲಯ ಈ ನೆಲದ ಮೇಲೆ ಅವರ ಪರಂಪರಾಗತ ಹಕ್ಕನ್ನು ಮಾನ್ಯ ಮಾಡಿದೆ.

ಡೇರೆ ಹಾಕುವಾಗ ಐದು ಗಂಟೆ. ಐದೂವರೆಗೆ ಸೂರ್ಯ ಮುಳುಗಿದ. ರೈಲಿನ ಕಾಲದಲ್ಲಿ ನೆಟ್ಟ ಖರ್ಜೂರದ ಮರಗಳು ಅಲ್ಲಿ ಇನ್ನೂ ನಿಂತಿವೆ. ಅವುಗಳ ಕೆಳಗೆ ಮಗ್ರಿಬ್ ನಿರ್ವಹಿಸಿದೆವು. ಸೌದೆ ಒಲೆಯ ಹಂಡೆಯಿಂದ ಬಿಸಿನೀರು ಬರುವ ಸ್ನಾನದ ಕೋಣೆ ಕಂಡಾಗ ಉಮ್ಮನಿಗೆ ಊರ ಬಚ್ಚಲು ನೆನಪಾಯಿತು. ಬೆಂಕಿಯ ಸುತ್ತ ಕೂತು ಗಂಜಿ, ಉಪ್ಪಿನಕಾಯಿ ಉಂಡೆವು. ಹೌದು, ಉಪ್ಪಿನಕಾಯಿ ಬಾಟಲಿ ಅಲ್ಲಿಗೂ ಬಂದಿತ್ತು!

ಆಮೇಲೆ ಬೆಂಕಿ ಕುಗ್ಗಿತು, ಆಕಾಶ ಕೆಳಗಿಳಿಯಿತು. ಅಷ್ಟೊಂದು ನಕ್ಷತ್ರಗಳನ್ನು ನಾನು ಜೀವಮಾನದಲ್ಲಿ ನೋಡಿರಲಿಲ್ಲ. ನಮ್ಮೂರಿನಲ್ಲಿ ಕಾಣದ ಎರಡು ಮಬ್ಬು ಮೋಡದಂಥವು ದಕ್ಷಿಣದಲ್ಲಿದ್ದವು. ಮೋಡವಲ್ಲ, ಬೇರೆಯೇ ಎರಡು ನಕ್ಷತ್ರಲೋಕಗಳು ಎಂದ ಹುಡುಗ. ಹಾಲುಹಾದಿಯ ಕಪ್ಪು ಭಾಗದಲ್ಲಿ ಮೂಲನಿವಾಸಿಗಳು ಎಮು ಹಕ್ಕಿಯನ್ನು ಕಾಣುತ್ತಾರಂತೆ. ಬೆಳಕಿನಲ್ಲಲ್ಲ, ಕತ್ತಲಲ್ಲಿ ಚಿತ್ರ! ಅವನು ಬೆರಳಿಟ್ಟು ತೋರಿಸಿದ ಮೇಲೆ ನನಗೂ ಕಂಡಿತು.

ಇಶಾ ಆದ ಮೇಲೆ ಉಮ್ಮ ಡೇರೆಯೊಳಗೆ ಹೋಗಲಿಲ್ಲ. ಎರಡು ಕಂಬಳಿ ಹೊದ್ದು ಕುರ್ಚಿಯಲ್ಲೇ ಕುಳಿತಿದ್ದರು. ತಸ್‌ಬೀಹ್ ಮಣಿಗಳ ಸದ್ದು ಮಾತ್ರ ಕೇಳುತ್ತಿತ್ತು. "ಒಂಟೆಯವರು ಇದರ ಕೆಳಗೇ ಮಲಗುತ್ತಿದ್ದರಲ್ಲ" ಎಂದರು ಒಮ್ಮೆ. "ಊರಿಗೆ ಕಾಗದ ಬರೆದರೆ ಎಷ್ಟು ತಿಂಗಳಾಗುತ್ತಿತ್ತೋ." ಗಲ್ಫಿಗೆ ಹೋದ ಹೊಸತರಲ್ಲಿ ಬಾಪ ಬರೆಯುತ್ತಿದ್ದ ಕಾಗದಗಳ ನೆನಪಾಗಿರಬೇಕು. ನಾನು ಕೇಳಲಿಲ್ಲ.

ಬೆಳಗ್ಗೆ ಡೇರೆಯ ಮೇಲೆ ಹಿಮದ ತೆಳು ಪದರ. ಕಸವನ್ನೆಲ್ಲ ಚೀಲಕ್ಕೆ ತುಂಬಿ ಗಾಡಿಗೇರಿಸಿದೆವು, ಅಲ್ಲಿ ಬಿಟ್ಟು ಬರುವಂತಿಲ್ಲ. ಬದಲಿ ಚಕ್ರ ಬೇರೆ ಇಲ್ಲದ್ದರಿಂದ ಮರ್ರೀ ತನಕ ತಮ್ಮ ನಿಧಾನಕ್ಕೆ ಓಡಿಸಿದ. ಯಾರೂ ಹೆಚ್ಚು ಮಾತನಾಡಲಿಲ್ಲ.

ಮರ್ರೀಯಲ್ಲಿ ಉಮ್ಮ ಕಬರಸ್ಥಾನ ನೋಡಬೇಕೆಂದರು. ಊರಿನಂತೆ ಅಲ್ಲಿಯೂ ಪಾಲುಗಳು. ಬಿಳಿಯರದು ಬೇರೆ, ಒಂಟೆಯವರದು ಬೇರೆ, ಮೂಲನಿವಾಸಿಗಳದು ಬೇರೆ. ಉಮ್ಮ ಸಲಾಂ ಹೇಳಿ, ಕೈಯೆತ್ತಿ ಬಹಳ ಹೊತ್ತು ನಿಂತರು. ಗಾಳಿಗೆ ಅವರ ದುಪಟ್ಟಿ ಪಟಪಟಿಸುತ್ತಿತ್ತು. ಹಿಂದಿರುಗುವಾಗ ಮೊಮ್ಮಗನ ಕೈ ಹಿಡಿದುಕೊಂಡು, "ನೀರೆಷ್ಟು ಉಳಿದಿದೆ?" ಎಂದು ಕೇಳಿದರು.

"ಅರವತ್ತೆರಡು ಲೀಟರ್" ಎಂದ ಅವನು. ಅವನೇ ಎಣಿಸಿದ್ದ.

ತಮ್ಮ ಗಡಿಯಾರ ನೋಡಿಕೊಂಡ. ಸಂಜೆಯಾದರೆ ಕಾಂಗರೂಗಳು ರಸ್ತೆಗೆ ಬರುತ್ತವೆ, ಬೇಗ ಹತ್ತಿ ಎಂದ.